ದೆವ್ವಕ್ಕೆ ದನಿ ಕೊಟ್ಟವಳು

...ನಗಬೇಡ ಕಣೇ! ದವಡೆಗೆ ತಂತಿ ಬಿಗಿದಿದ್ದಾರೆ, ಆರು ವಾರ ಬಾಯಿ ತೆರೆಯೋ ಹಾಗಿಲ್ಲ. ತಂಗೀನ ನಗಿಸಬೇಡಿ ಅಂತ ಡಾಕ್ಟರು ನನಗೇ ಬೈದು ಕಳಿಸಿದ್ದಾರೆ. ಸರಿ, ಮೂಗಲ್ಲೇ ನಗು. ಸ್ಟ್ರಾ ಹಿಡಿ, ಸೂಪು ಆರ್ತಾ ಇದೆ.

ಏನು ಹೇಳ್ತಿದ್ದೆ? ಹಾಂ, ಆ ವಿಡಿಯೋ ಗೇಮು! ಅಕ್ಕ ತಂಗಿ ಇಬ್ಬರೂ ಒಂದೇ ದಿನ ಆಡಿಷನ್‌ಗೆ ಹೋದ್ವಿ. ನಿನಗೆ ಹೀರೋಯಿನ್ ದನಿ. ನನಗೆ? ಬಾವಿಯೊಳಗಿನ ದೆವ್ವ! ಇಪ್ಪತ್ತು ವರ್ಷದಿಂದ ಡಬ್ಬಿಂಗ್ ಮಾಡ್ತಿರೋಳಿಗೆ! "ಮೇಡಂ, ನಿಮ್ಮ ದನೀಲಿ ಸಹಜವಾಗೇ ಏನೋ ಒಂದಿದೆ" ಅಂದ ಆ ಡೈರೆಕ್ಟರು. ಏನೋ ಒಂದು! ಕಫ ಕಣೋ ಅದು, ಕಫ!

ನಿನ್ನದೋ, ಬರೀ ಸಾಯೋ ಕೆಲಸ. ಆಡೋರು ಸೋತಾಗಲೆಲ್ಲ ಹೀರೋಯಿನ್ ಸಾಯ್ಬೇಕಲ್ಲ! ಬಿದ್ದು ಸಾಯೋದು, ಮುಳುಗಿ ಸಾಯೋದು, ಸುಟ್ಟು ಸಾಯೋದು... ಎಷ್ಟು ಥರ? ಸ್ಲೇಟಲ್ಲಿ ಬರಿ. ಮೂವತ್ತೊಂದು! ನೀನು ಮನೇಲಿ ಪ್ರಾಕ್ಟೀಸ್ ಮಾಡಿದ್ದು ಕೇಳಿ ಪಕ್ಕದ ಮನೆಯವರು ಆಂಬುಲೆನ್ಸ್ ಕರೆಸಿಬಿಟ್ಟಿದ್ರು. ಆಮೇಲಿಂದ ನೀನು ಎಷ್ಟು ಕಿರುಚಿದ್ರೂ ಒಬ್ಬರೂ ತಿರುಗಿ ನೋಡ್ತಿರಲಿಲ್ಲ.

ನನಗೆ ಇದ್ದದ್ದು ಒಂದೇ ಶಾಪ. "ನಿನ್ನ ಕಾಲ ಕೆಳಗಿನ ನೆಲ ಜಾರಲಿ!" ಅದನ್ನ ನಲವತ್ತು ಸಲ ಹೇಳಿಸಿದ. "ಭಯ ಬರ್ತಿಲ್ಲ ಮೇಡಂ, ನಿಮಗೆ ಆಗದವರನ್ನ ನೆನೆಸ್ಕೊಳ್ಳಿ" ಅಂದ. ನೆನೆಸ್ಕೊಂಡೆ. ನಲವತ್ತೊಂದನೇದು ಓಕೆ! ಸೌಂಡ್ ಎಂಜಿನಿಯರ್ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ.

ಯಾರನ್ನ ಅಂತಾನಾ? ಕಣ್ಣಲ್ಲೇ ಕೇಳ್ತೀಯಲ್ಲ, ಕಳ್ಳಿ... ನಿನ್ನನ್ನೇ ಕಣೇ. ಹೊಟ್ಟೆಕಿಚ್ಚು! ಏನ್ಮಾಡ್ಲಿ, ಅಕ್ಕ ದೆವ್ವ, ತಂಗಿ ಹೀರೋಯಿನ್. ಎರಡೇ ವಾರಕ್ಕೆ ನೀನು ಮೆಟ್ಟಿಲಿಂದ ಉರುಳಿದೆ. ಆಹಾ, ನನ್ನ ಶಾಪಕ್ಕೆ ಅಷ್ಟು ಶಕ್ತಿ ಇದ್ದಿದ್ರೆ ಮೊದಲು ಆ ಡೈರೆಕ್ಟರ ತಲೆಕೂದಲು ಉದುರಿಸ್ತಿದ್ದೆ!

ಅಲ್ಲಾ... ಅವನೇ ಫೋನ್ ಮಾಡಿದ್ದ. ಗೇಮಿನ ಎರಡನೇ ಭಾಗ ತಡ ಮಾಡೋ ಹಾಗಿಲ್ವಂತೆ. ನಿಮ್ಮ ದನಿ ತಂಗಿ ದನಿಗೆ ಹೊಂದುತ್ತೆ, ಹೀರೋಯಿನ್ ಮಾತು ನೀವೇ ಆಡಿಬಿಡಿ ಅಂದ. ತಂಗೀನ ಕೇಳಿ ಹೇಳ್ತೀನಿ ಅಂದೆ. ನೀನು ಬೇಡ ಅಂದ್ರೆ ಖಂಡಿತ ಹೋಗಲ್ಲ. ಹೂಂ ಅಂತ ತಲೆ ಆಡಿಸು ಸಾಕು...

ಯಾಕೆ ಸ್ಲೇಟು ಪಕ್ಕಕ್ಕಿಟ್ಟೆ? ಶಾಪ ಗೀಪ ನಂಬ್ತೀಯಾ ನೀನು? ಆವತ್ತು ನಾನು ಅಡುಗೆಮನೇಲಿದ್ದೆ. ಹೇಳಿದ್ನಲ್ಲ? ನಿನ್ನ ಕೂಗು ಕೇಳಿಸ್ತು, ಪ್ರಾಕ್ಟೀಸು ಅಂದ್ಕೊಂಡೆ. ಎಲ್ಲರೂ ಹಾಗೇ ಅಂದ್ಕೊಂಡ್ರು! ಮೆಟ್ಟಿಲ ಮೇಲೆ ಸೋಪಿನ ನೀರಿದ್ದದ್ದು ನನಗೆ ಆಮೇಲೇ... ಆಮೇಲೇ ಗೊತ್ತಾಗಿದ್ದು.

ಹಾಗೆ ನೋಡಬೇಡ.

ಏನಾದ್ರೂ ಬರಿಯೇ. ಬೈಯಿ, ಬೈದು ಬರಿ!

...ಬೀಳುವಾಗ ನೀನು ತಿರುಗಿದ್ದೆ. ಮೇಲೆ ನೋಡಿದ್ದೆ, ಅಲ್ವಾ?

ನಾನು ಮೇಲೇ ನಿಂತಿದ್ದೆ ಕಣೇ. ಕೈಯಲ್ಲಿ ಮೆಟ್ಟಿಲು ಒರೆಸೋ ಬಟ್ಟೆ ಇತ್ತು. ನೀನು ಫೋನಲ್ಲಿ, "ಎರಡನೇ ಭಾಗಕ್ಕೂ ನಾನೇ" ಅಂತ ನಗ್ತಾ ನನ್ನ ಪಕ್ಕದಲ್ಲೇ ಹಾದು ಹೋದೆ. ಜಾರುತ್ತೆ ಅಂತ ಒಂದು ಮಾತು ಹೇಳಬೇಕಿತ್ತು. ಬಂತು, ಗಂಟಲ ತನಕ ಬಂತು. ನುಂಗಿಕೊಂಡೆ. ಇಪ್ಪತ್ತು ವರ್ಷ ದನಿ ಮಾರಿ ಹೊಟ್ಟೆ ಹೊರೆದವಳು... ಆ ಒಂದು ಮಾತು ನುಂಗಿಕೊಂಡೆ.

ಪುಟ್ಟೀ... ಮೂರು ವಾರದಿಂದ ನಿನಗೆ ಗೊತ್ತಿತ್ತಾ? ಗೊತ್ತಿದ್ದೂ, ನಾನು ತಂದುಕೊಟ್ಟಿದ್ದನ್ನೆಲ್ಲಾ ಸುಮ್ಮನೆ ಕುಡೀತಾ ಇದ್ಯಾ?