ಗುರುಪುತ್ರಪ್ಪ ಸರ್ ಮುಟ್ಟಿಸಿದ ಚಂದ್ರ

ಎಲ್ಲರಿಗೂ ಶರಣು ಶರಣಾರ್ಥಿ. ಸರ್ ಅವರ ಧರ್ಮಪತ್ನಿ ಅಕ್ಕವ್ವನವರೇ, ಮಗಳು ಸೃಷ್ಟಿ, ರಾಮತೀರ್ಥ ನಗರದ ಹಿರಿಯರೇ, ಖಾನಾಪುರದಿಂದ ಬಸ್ಸು ಹಿಡಿದು ಬಂದಿರುವ ನಮ್ಮ ಶಾಲೆಯ ಮಕ್ಕಳೇ —

ಗುರುಪುತ್ರಪ್ಪ ಸರ್ ಲಿಂಗೈಕ್ಯರಾಗಿದ್ದಾರೆ. ಅವರು ವಿಜ್ಞಾನ ಕಲಿಸುತ್ತಿದ್ದರು, ನಾನು ಪಕ್ಕದ ಕೋಣೆಯಲ್ಲಿ ಕನ್ನಡ. ನಡುವೆ ಒಂದೇ ಗೋಡೆ. ಅವರ ಪಾಠ ಅರ್ಧ ನನ್ನ ಮಕ್ಕಳಿಗೂ ಕೇಳಿಸುತ್ತಿತ್ತು. ನನಗೂ.

ಅವರ ಗುಣಗಳನ್ನು ಇಲ್ಲಿ ಅನೇಕರು ಹೇಳಿದರು. ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನಷ್ಟೇ ಹೇಳುತ್ತೇನೆ.

ಜಾಂಬೋಟಿಯ ಕಡೆಯಿಂದ ಶೀತಲ ಎಂಬ ಹುಡುಗಿ ನಮ್ಮಲ್ಲಿ ಓದಲು ಬಂದಳು. ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಅಂಥ ಮಕ್ಕಳು ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದು. ಅವಳ ತಂದೆ ಸತ್ಯಪ್ಪ ಅದನ್ನೇ ಕೇಳಲು ಬಂದರು. ಎಮ್ಮೆ ಕಟ್ಟಿಕೊಂಡು ಬಾಳುವ ಮನುಷ್ಯ, ಮಗಳ ಮೇಲೆ ಜೀವ. "ಆಕಿ ಚಂದ್ರನ್ನ ಎಂದೂ ನೋಡಿಲ್ರೀ ಸರ. ಈ ಪಾಠದಾಗ ಫೇಲಾದ್ರ ಮುಂದ ಸಾಲಿ ಕಲಿಯೂದ ನಿಂತು ಹೋಗ್ತೈತಿ" ಅಂದರು.

ಬಾಜುವಿನಲ್ಲಿ ನಿಂತಿದ್ದ ಶೀತಲ ಮೆಲ್ಲಗೆ ಕೇಳಿದಳು: "ಎಲ್ಲಾರೂ ಚಂದ್ರ ಅರ್ಧಾ ಆದ, ಪೂರಾ ಆದ ಅಂತಾರ. ಉಳಿದ ಅರ್ಧಾ ಎಲ್ಲಿ ಹೋಗ್ತೈತ್ರೀ?"

ಸರ್, ಸ್ವಲ್ಪ ದಿನ ತಡೆಯಿರಿ ಎಂದು ಸತ್ಯಪ್ಪನವರನ್ನು ಬೇಡಿಕೊಂಡರು.

ಚಳಿಗಾಲ. ಒಂದು ಬೆಳಿಗ್ಗೆ ನೋಡುತ್ತೇನೆ — ಶಾಲೆಯ ಅಂಗಳದಲ್ಲಿ ಸ್ಟೂಲಿನ ಮೇಲೆ ಒಂದು ಮಣ್ಣಿನ ಗಡಿಗೆ, ಬೋರಲು. ಎಳೆ ಬಿಸಿಲು ಒಂದೇ ಬದಿಗೆ ಬೀಳುತ್ತಿದೆ. ಅಪ್ಪ ಮಗಳು ಇಬ್ಬರೂ ಬಂದಿದ್ದಾರೆ. ಸರ್ ಮೊದಲು ಹುಡುಗಿಯನ್ನು ಬಿಸಿಲಿಗೆ ಮುಖಮಾಡಿಸಿ ನಿಲ್ಲಿಸಿದರು. ಮುಖ ಬೆಚ್ಚಗಾಯಿತೇ? ಆಯಿತು. ನೀನೇ ಭೂಮಿ, ನಿನ್ನ ಮುಖಕ್ಕೆ ಈಗ ಹಗಲು. ಹಾಗೇ ತಿರುಗು. ಈಗ? ಮುಖ ತಣ್ಣಗಾಯಿತು, ಬೆನ್ನಿಗೆ ಬಿಸಿಲು ಬಂತು. ನೋಡು, ಸೂರ್ಯ ಎಲ್ಲಿಗೂ ಹೋಗಲಿಲ್ಲ, ನೀನು ತಿರುಗಿದೆ, ನಿನ್ನ ಮುಖಕ್ಕೆ ರಾತ್ರಿಯಾಯಿತು.

ಆಮೇಲೆ ಗಡಿಗೆಯ ಹತ್ತಿರ ಕರೆದುಕೊಂಡು ಹೋದರು. ಇದು ಚಂದ್ರ. ಬಿಸಿಲಿನ ಕಡೆ ನಿಂತು ಎದುರಿಗೆ ಬಂದದ್ದನ್ನು ಮುಟ್ಟಿದಳು — ಎಲ್ಲ ಬಿಸಿ. ಇದು ಹುಣ್ಣಿಮೆ. ಮಗ್ಗುಲಿಗೆ ಸರಿದು ಮುಟ್ಟಿದಳು — ಒಂದು ಅಂಗೈಗೆ ಬಿಸಿ, ಒಂದಕ್ಕೆ ತಂಪು. ಹಿಂದೆ ಹೋದಳು — ಪೂರಾ ತಣ್ಣಗೆ. ಅಮಾವಾಸ್ಯೆ.

ಶೀತಲ ನಿಂತುಬಿಟ್ಟಳು. "ಗಡಗಿ ಇದ್ದಂಗ ಐತ್ರೀ ಸರ. ಬಿಸಿ ಅರ್ಧಾ ಯಾವಾಗ್ಲೂ ಐತಿ. ನನ್ನ ಕಡೆ ಎಷ್ಟ ಬಂತು ಅನ್ನೂದಷ್ಟ ಬ್ಯಾರೆ."

ಸರ್‌ಗೆ ಬೇಕಾಗಿದ್ದೂ ಅದೇ. ಇಲ್ಲಿ ನೀನು ಸುತ್ತಿದೆ, ಮೇಲೆ ಚಂದ್ರನೇ ನಮ್ಮ ಸುತ್ತ ಸುತ್ತುತ್ತಾನೆ, ಫರಕು ಅಷ್ಟೇ ಎಂದರು. ಅಷ್ಟರಲ್ಲಿ ಸತ್ಯಪ್ಪನವರು — ಇಲ್ಲೇ ಇದ್ದಾರೆ ಅವರು — ಕಣ್ಣು ಮುಚ್ಚಿಕೊಂಡು, ಹೀಗೆ ಕೈ ಚಾಚಿ, ಗಡಿಗೆಯ ಸುತ್ತ ತಾವೂ ಒಂದು ಸುತ್ತು ಬಂದರು. ಕಣ್ಣು ತೆರೆದು ಹೇಳಿದ್ದು ಒಂದೇ ಮಾತು: "ವಿಜ್ಞಾನನ ಬರೀಲಿ ಬಿಡ್ರಿ."

ಬರೆದಳು. ಪಾಸಾದಳು. ಬೆಳಗಾವಿಯಲ್ಲಿ ಮುಂದೆ ಓದಿ, ಇಲ್ಲೇ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದಾಳೆ.

ಆದರೆ ಗುರು ಶಿಷ್ಯರ ನಡುವೆ ಒಂದು ಪ್ರಶ್ನೆ ಉಳಿದುಕೊಂಡಿತ್ತು. ಪ್ರತಿ ಅಮಾವಾಸ್ಯೆಗೂ ಚಂದ್ರ ಸೂರ್ಯನ ಕಡೆಗೇ ಬರುತ್ತಾನಲ್ಲ, ಪ್ರತಿ ಸಲ ಗ್ರಹಣ ಯಾಕಿಲ್ಲ? ಚಂದ್ರನ ಹಾದಿ ತುಸು ಓರೆ ಎಂದು ಸರ್ ಹೇಳಿದ್ದರು. ಓರೆ ಎಂದರೆ ಅವಳಿಗೆ ಕೈಗೆ ಸಿಗಲಿಲ್ಲ. ಮುಟ್ಟಿಸಿ ತೋರಿಸುವ ಉಪಾಯ ಅವರಿಗೆ ವರ್ಷಗಟ್ಟಲೆ ಹೊಳೆಯಲಿಲ್ಲ.

ಹೋದ ತಿಂಗಳು ನೆಹರು ನಗರದ ಆಸ್ಪತ್ರೆಯಲ್ಲಿ ಅವರನ್ನು ನೋಡಲು ಹೋಗಿದ್ದೆ. ಬಹಳ ಸೊರಗಿದ್ದರು. ಶೀತಲ ಬಂದಳು. ಕೈಯಿಂದ ಎರಡು ಬಳೆ ತೆಗೆದಳು — ಒಂದು ದೊಡ್ಡದು, ಇನ್ನೊಂದು ಅದರೊಳಗೆ ಬಿಗಿಯಾಗಿ ಕೂರುವಂಥದ್ದು. ಒಂದರೊಳಗೆ ಒಂದಿಟ್ಟು, ಒಳಗಿನದನ್ನು ತುಸು ಓರೆ ಮಾಡಿ, ಅವರ ಕೈಗೆ ಕೊಟ್ಟಳು.

"ಸರ, ಹೊರಗಿಂದು ಸೂರ್ಯನ ಹಾದಿ, ಒಳಗಿಂದು ಚಂದ್ರಂದು. ಎರಡ ಕಡೆ ಅಷ್ಟ ಕೂಡ್ತಾವ. ಅಮಾಸಿ ಅಲ್ಲಿ ಬಂದ್ರ ಗ್ರಹಣ. ಇಲ್ಲಂದ್ರ ಚಂದ್ರ ಮ್ಯಾಲರೆ ಹೋಗ್ತಾನ, ಕೆಳಗರೆ ಹೋಗ್ತಾನ."

ಸರ್ ಕಣ್ಣು ಮುಚ್ಚಿದರು. ಬೆರಳು ಬಳೆಯ ಗುಂಟ ಸರಿಯಿತು. ಕೂಡುವಲ್ಲಿ ನಿಂತಿತು. ಮತ್ತೆ ಸರಿಯಿತು —

"ನಂಗ ಹೊಳೀಲಿಲ್ಲ ನೋಡವಾ ಇದು" ಅಂದರು. "ಹುಡುಗೂರಿಗೆ ಹೇಳಿಕೊಡು."

ಅಂದು ಸಂಜೆಯ ತನಕ ಔಷಧಿ ಕೊಡಲು ಬಂದ ಒಬ್ಬ ನರ್ಸಮ್ಮನನ್ನೂ ಅವರು ಹಾಗೇ ಬಿಡಲಿಲ್ಲ. ಕಣ್ಣು ಮುಚ್ಚಿಸಿ, ಬಳೆ ಮುಟ್ಟಿಸಿ, ಗ್ರಹಣ ತಿಳಿಸಿಯೇ ಕಳಿಸಿದರು. ಅಷ್ಟು ಸಂತೋಷದಲ್ಲಿ ನಾನು ಅವರನ್ನು ಎಂದೂ ಕಂಡಿರಲಿಲ್ಲ.

ಬಂಧುಗಳೇ, ಅವರ ಹೆಸರಿನಲ್ಲಿ ಒಂದು ದಿನವೂ ಪಾಠ ನಿಲ್ಲಬಾರದೆಂದು ಅಕ್ಕವ್ವನವರು ಕೇಳಿಕೊಂಡಿದ್ದಾರೆ. ಬರುವ ಸೋಮವಾರ ಅವರ ತರಗತಿಗೆ ಶೀತಲ ಬರುತ್ತಾಳೆ. ತನ್ನ ಶಾಲೆಯಿಂದ ರಜೆ ಕೇಳಿದ್ದಾಳೆ, ಸಿಕ್ಕಿದೆ. ಗೋಡೆಯ ಈಚೆ ನಾನಿರುತ್ತೇನೆ. ಕೇಳಿಸಿಕೊಳ್ಳುತ್ತೇನೆ.

ಇನ್ನು ಮಾತು ಸಾಕು. ಸರ್‌ಗಾಗಿ ಒಂದು ನಿಮಿಷ ಮೌನವಾಗಿರೋಣ. ಮುಂದಿನ ಸಾಲಿನಲ್ಲಿ ಅಕ್ಕವ್ವನವರು ಶೀತಲಳ ಕೈ ಹಿಡಿದುಕೊಂಡು ಆಗಲೇ ಎದ್ದಿದ್ದಾರೆ — ದಯಮಾಡಿ, ನಾವೆಲ್ಲರೂ ಎದ್ದು ನಿಲ್ಲೋಣ.