ಮಂಜಣ್ಣಂಗೆ ಹಾಲು ಕುಡ್ಸಿದ್ದು

...ಹಾಲಿರ್ಲಿಲ್ಲ ಅಂತಲ್ಲ ಕಣೋ, ಹಾಲು ಬೇಕಾದಂಗಿತ್ತು, ರವಿಕೆಯೆಲ್ಲ ನೆಂದೋಗ್ತಿತ್ತು. ಮಗೀಗೆ ಕುಡಿಯಕ್ಕೇ ಆಯ್ತಿರ್ಲಿಲ್ಲ. ನಿಮ್ಮ ಮಂಜಣ್ಣ ದೊಡ್ಡಪ್ಪನ ತುಟಿ ಮ್ಯಾಲೆ ಒಂದು ಗೆರೆ ಐತಲ್ಲ, ಮೀಸೆ ಬುಟ್ಟು ಮುಚ್ಕಂಡವ್ನೆ, ಹುಟ್ಟಿದಾಗ ಅದು ಗೆರೆ ಅಲ್ಲ, ಮೂಗಿನ ತಂಕ ಸೀಳ್ಕಂಡಿತ್ತು. ಒಳಗೆ ಅಂಗುಳಾನೂ ಹಂಗೇ, ತೆರ್ಕಂಡಿತ್ತು. ಬಾಯಿಗೆ ಹೋದ ಹಾಲು ಮೂಗಿಂದ ಬರೋದು. ಚೊಚ್ಚಲ ಮಗು, ನಂಗೆ ಹದಿನೆಂಟೋ ಹತ್ತೊಂಬತ್ತೋ, ಯಾರು ಬರೆದಿಟ್ಟಿದ್ರು. ಹೆರಿಗೆ ಈ ಮಗ್ಗೆ ಊರಿನ ಮನೇಲೇ ಆಗಿದ್ದು, ಆ ಒಳಗಿನ ಕ್ವಾಣೇಲಿ. ಸೂಲಗಿತ್ತಿ ತಾಯಮ್ಮ ಮಗೀನ ಮುಖ ನೋಡಿದ್ದೇ ತಡ, ಬಟ್ಟೆ ಮುಚ್ಬುಟ್ಲು. "ಯಾಕೆ ತಾಯಮ್ಮ, ಉಸ್ರಿಲ್ವಾ?" ಅಂದೆ. "ಉಸ್ರೈತೆ ಕಣವ್ವ" ಅಂದ್ಲು. ಅಷ್ಟೇ. ಗಂಡೋ ಹೆಣ್ಣೋ ಅಂತಾನೂ ಹೇಳ್ಲಿಲ್ಲ ನೋಡು.

ಊರು ಸುಮ್ನಿರ್ತದಾ? ಬಸುರೀಲಿ ಗ್ರಾಣ ಹಿಡಿದಾಗ ಏನೋ ಕುಯ್ದಿರ್ತಾಳೆ, ಕುಡ್ಲು ಮುಟ್ಟಿರ್ತಾಳೆ, ಅದ್ಕೇ ತುಟಿ ಸೀಳೈತೆ ಅಂತ. ಒಬ್ಳು, ಹೆಸ್ರು ಬ್ಯಾಡ, ಸತ್ತೋಗವ್ಳೆ, ಕ್ವಾಣೆ ಬಾಗ್ಲ ತಂಕ ಬಂದು "ಇಂಥದ್ದು ಉಳ್ಯಲ್ಲ ಬುಡವ್ವ, ಉಳಿದ್ರೂ ಕಷ್ಟವೇಯ" ಅಂದ್ಲು. ನಮ್ಮತ್ತೆ ಒಲೆ ಮುಂದಿದ್ರು. ಅವ್ರ ಬಾಯಿ ಬಲು ಜೋರು ಕಣೋ, ಸೊಪ್ಪು ಸೋಸಿದ್ರೂ ಬೈಯೋರು, ಸೋಸ್ದಿದ್ರೂ ಬೈಯೋರು, ನಂಗೂ ಅವ್ರಿಗೂ ಅಲ್ಲೀತಂಕ ಒಂದಿನ ಸರಿ ಬಂದಿದ್ದಿಲ್ಲ. ಈಗ ಬೈಗುಳ ನಂಗೇ ಬಂತು ಅಂದ್ಕಂಡೆ. ಎದ್ಬಂದ್ರು, ಸೆರಗು ಸಿಗಿಸ್ಕಂಡು, "ಗ್ರಾಣದ ದಿನ ಹುಲ್ಲು ಕುಯ್ಕಂಬಾ ಅಂತ ಇವ್ಳನ್ನ ಅಟ್ಟಿದ್ದು ನಾನು. ಒಲ್ಲೆ ಅಂದ್ರೂ ಅಟ್ಟಿದ್ದು ನಾನು. ಕೇಳಾದಿದ್ರೆ ನನ್ನ ಕೇಳು!" ಅಂದ್ರು. ಸುಳ್ಳು ಕಣೋ! ಶುದ್ಧ ಸುಳ್ಳು. ಗ್ರಾಣದ ದಿನ ನಾನು ಆಲೂರಲ್ಲಿ ತವರುಮನೇಲಿದ್ದೆ. ಆ ಹೆಂಗ್ಸು ಬಂದ ದಾರೀಲೇ ಹೋದ್ಲು. ನಾನು ಅತ್ತೆ ಮುಖಾನೇ ನೋಡ್ತಿದ್ದೆ. "ಏನ್ ನೋಡ್ತೀಯ, ಬಿಸ್ನೀರು ಕುಡಿ" ಅಂದ್ರು.

ಅತ್ತೆ ಊರ ಬಾಯಿ ಮುಚ್ಚಿಸ್ಬೋದು, ಮಗೀನ ಹೊಟ್ಟೆ ತುಂಬಿಸಾದೆಂಗೆ? ದಿನದಿನಕ್ಕೂ ಸೊರಗ್ತು. ಅಳಾದೂ ಬೆಕ್ಕಿನ ಮರಿ ಥರ ಆಗೋಯ್ತು. ನಿಮ್ಮ ತಾತ ಕ್ವಾಣೆ ಕಡೆ ತಲೆ ಹಾಕ್ತಿರ್ಲಿಲ್ಲ, ಬೆಳಗಾಗದ್ರೊಳ್ಗೆ ಕೆಲ್ಸಕ್ಕೆ ಹೋಗ್ಬುಡೋರು. ಆನೇಮಹಲಲ್ಲಿ ಒಬ್ರು ಲಾರಿ ಸಾಯಬ್ರಿದ್ರು, ಅವ್ರ ಲಾರಿಗೆ ಕಾಫಿ ಮೂಟೆ ಹೇರೋ ಕೆಲ್ಸ. ಒಂದಿನ ಸಾಯಬ್ರು ಪಾಪ ಗೊತ್ತಿಲ್ದೆ, "ಏನಪ್ಪ, ಮಗ ಹುಟ್ಟಿದ್ನಂತೆ, ಮಿಠಾಯಿ ಎಲ್ಲಿ?" ಅಂದವ್ರೆ. ಇವ್ರು ಬೆನ್ ಮ್ಯಾಲಿದ್ದ ಮೂಟೆ ಇಳಿಸಿ, ಅದ್ರ ಮ್ಯಾಲೇ ಕೂತು, ಎಲ್ರೆದುರಿಗೇ ಅತ್ತುಬುಟ್ರಂತೆ. ಸಾಯಬ್ರ ಹೆಂಡ್ತಿ ಫಾತಿಮಾ ಬೂಬಮ್ಮ ಒಳಗಿಂದ ಕೇಳಿಸ್ಕಂಡವ್ರೆ. ಮಾರ್ನೆ ದಿನ, ಅಲ್ಲಲ್ಲ, ಅವತ್ತೇ ಸಂಜೆ, ಲಾರಿ ನಮ್ಮನೆ ಮುಂದೆ ಬಂದು ನಿಂತ್ಕತು, ಬೂಬಮ್ಮ ಇಳಿದ್ರು.

ನಮ್ಮತ್ತೆ ಬಾಗ್ಲಲ್ಲೇ ನಿಂತಿದ್ರು. ಬಾಣಂತಿ ಕ್ವಾಣೆಗೆ ಹೊರಗಿನೋರ್ನ ಬುಡ್ತಿರ್ಲಿಲ್ಲ, ಆಗಿನ ಕಾಲ. ಒಂದ್ಗಳಿಗೆ ಯೋಚ್ನೆ ಮಾಡಿದ್ರು, ಆಮೇಲೆ ಪಕ್ಕಕ್ಕೆ ಸರಿದ್ರು. ಬೂಬಮ್ಮ ಬಂದು ಮಗೀನ ಮುಖದ ಬಟ್ಟೆ ತೆಗೆದ್ರು, ಚೆನ್ನಾಗಿ ನೋಡಿದ್ರು. "ಅರೆ! ಕಣ್ಣು ನೋಡು ಎಷ್ಟು ದೊಡ್ಡದು, ಅಪ್ಪಂದೇ!" ಅಂದ್ರು. ಮಗೀಗೆ ಕಣ್ಣೈತೆ ಅಂತ ಅಲ್ಲೀತಂಕ ಯಾರೂ ಅಂದಿರ್ಲಿಲ್ಲ ಕಣೋ. ಅತ್ತೆ, ತಾಯಮ್ಮ, ನಾನೂನು, ತುಟಿ ಬುಟ್ಟು ಬ್ಯಾರೆ ಏನೂ ನೋಡಿರ್ಲಿಲ್ಲ. ನಂಗೆ ಅಳು ಬಂದ್ಬುಡ್ತು. "ನಮ್ಮಕ್ಕನ ಮೊಮ್ಮಗಾನೂ ಹಿಂಗೇ ಹುಟ್ಟಿದ್ದ, ಈಗ ಹಿಡಿಯಾಕ್ ಸಿಗಲ್ಲ, ಓಡ್ತಾನೆ. ಮಲಗಿಸಿ ಕುಡಿಸ್ಬ್ಯಾಡ ಬೇಟಿ, ಕೂರಿಸ್ಕ" ಅಂದ್ರು ಬೂಬಮ್ಮ. ಹಾಲು ಬಟ್ಲಿಗೆ ಹಿಂಡಿಸಿದ್ರು, ಒಳ್ಳೇಲಿ, ಕೂಸಿಗೆ ಹಾಲು ಹಾಕೋ ಸಣ್ಣ ಮೂತಿ ಬಟ್ಲಲ್ಲಿ, ಒಂದೊಂದೇ ತೊಟ್ಟು, ಕೆನ್ನೆ ಒಳಗಡೆಗೆ ಬುಡಾದು, ಕಾಯಾದು, ಬುಡಾದು, ಕಾಯಾದು. ಮೊದಲ್ನೇದು ಮೂಗಿಂದ ಬಂತು. ಮಗು ಕೆಮ್ತು. ಆಮೇಲೆ ಗುಟುಕ್ ಅಂತು ನೋಡು. ನಮ್ಮತ್ತೆ ಬಗ್ಗಿ ಕಿವಿ ಕೊಟ್ಟು ಕೇಳಿದ್ರು. ಇನ್ನೊಂದು ಗುಟುಕ್.

ನಿಮ್ಮ ತಾತ ಹೊಸ್ಲಾಚೆ ನಿಂತಿದ್ರು. ಬೂಬಮ್ಮ ಅಲ್ಲಿಂದ್ಲೇ ಕರೆದ್ರು, "ಒಳಗ್ ಬಾಪ್ಪ." "ನಂಗ್ ಇದೆಲ್ಲ ಮಾಡಾಕ್ ಬರಲ್ಲ ಬೂಬಮ್ಮ." "ಒಂದ್ಸಲ ಹೊಟ್ಟೆ ತುಂಬ್ಸಕ್ಕೆ ಒಂದ್ ಗಂಟೆ ಹಿಡೀತದೆ, ಹಗಲೂ ರಾತ್ರಿ. ಇವ್ಳೊಬ್ಳೇ ಎಷ್ಟ್ ದಿನ ಮಾಡ್ತಾಳೆ? ಅಷ್ಟ್ ದೊಡ್ ಮೂಟೆ ಎತ್ತೋ ಕೈಗೆ ಇದು ಭಾರವಾ?" ಅಂತ ಅವ್ರನ್ನ ಒಳಗೆ ಕೂರಿಸಿ ಮಗೀನ ತೊಡೆ ಮ್ಯಾಲೆ ಇಟ್ಟೇಬುಟ್ರು. ಆಗೆಲ್ಲ ಗಂಡಸ್ರು ತಮ್ಮಮ್ಮನ ಎದುರಿಗೆ ಮಗೀನ ಎತ್ತತಿರ್ಲಿಲ್ಲ ಕಣೋ, ನಾಚ್ಕೆ. ಒಂದೊಂದೇ ತೊಟ್ಟು ಕುಡ್ಸಿದ್ರು, ಅರ್ಧ ಅವ್ರ ಪಂಚೆಗೇ ಹೋಯ್ತು. ಅಷ್ಟೊತ್ತಿಗೆ ಅತ್ತೆ ನಂಗೆ ಅನ್ನ, ಮೆಣಸಿನ ಸಾರು ಇಕ್ಕಿದ್ರು. ಹೆತ್ತಾಗಿಂದ ಅವತ್ತೇ ನಾನು ತಟ್ಟೆ ಖಾಲಿ ಮಾಡಿದ್ದು.

ಆಮೇಲೆ ನಾವು ಮೂರು ಜನ ಸರದಿ ಹಾಕ್ಕಂಡು ಸಾಕಿದ್ವಿ. ಬೂಬಮ್ಮ ಲಾರಿ ಈ ಕಡೆ ಬಂದಾಗೆಲ್ಲ ಬಂದು ನೋಡೋರು. ಒಸಿ ದೊಡ್ಡೋನಾದ್ಮೇಲೆ ಮೈಸೂರಿನ ದೊಡ್ಡಾಸ್ಪತ್ರೇಲಿ ತುಟಿ ಹೊಲಿಸಿದ್ವಿ. ಎಲ್ಲಾ ಸರಿಹೋಯ್ತು ಅನ್ನಲ್ಲ ನಾನು. ಮಾತು ಮೂಗಲ್ಲೇ ಉಳೀತು, ಸ್ಕೂಲಲ್ಲಿ ಅಣಕಿಸಿದ್ರು, ಹೆಣ್ಣು ಕೊಡೋರು ಹಿಂದೆಮುಂದೆ ನೋಡಿದ್ರು. ಆದ್ರೆ ಅವ್ನು ಬೆಳೆದ, ಸೈಕಲ್ ಶಾಪ್ ಇಟ್ಟ, ಮನೆ ಮಾಡ್ದ. ಅಷ್ಟು ಸಾಕು.

ಅದ್ಕೇ ಹೇಳಾದು, ಇಂಥಾ ಮಗು ಹುಟ್ಟಿದ ಮನೇಗೆ ಹೋದ್ರೆ ಯಾಕಿಂಗಾಯ್ತು, ಏನ್ಮಾಡಿದ್ರಿ ಅಂತ ಕೇಳ್ಬ್ಯಾಡಿ. ಮಗೀನ ಒಂದಷ್ಟೊತ್ತು ನೀವು ಎತ್ಕಳಿ, ಹೆತ್ತೋಳು ಕೂತು ಎರಡು ತುತ್ತು ಉಣ್ಲಿ. ಸಾಕು, ಏಳ್ರಿ ಈಗ, ಸೊಳ್ಳೆ ಕಚ್ತಾವೆ.