ಕತ್ತು ಕೊಂಕಿಸದ ಕಾಗೆ

ಆಸ್ಪತ್ರೆಯ ಬೆಂಚಿನಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದ ಹುಡುಗಿಗೆ ಪಕ್ಕದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮ ಯಾವುದೋ ಗೋದಾಮಿನಲ್ಲಿ ಚಾಲಕನಿಲ್ಲದ ಗಾಡಿಯನ್ನು ಕೋಣೆಯೊಳಗೆ ಕೂತು, ಪರದೆ ನೋಡಿಕೊಂಡು ಓಡಿಸುವವನು. ಆ ಗಾಡಿ ಅಲ್ಲಿನ ಕಾವಲುಗಾರನ ಕಾಲ ಮೇಲೆ ಹರಿದಿತ್ತು; ವಾರ್ಡಿನಲ್ಲಿ ಮಲಗಿದ್ದ ಅವನನ್ನು ನೋಡಲು ಇಬ್ಬರೂ ಬಂದಿದ್ದರು.

“ಒಳಗೆ ಹೋದ ತಕ್ಷಣ ಕೇಳ್ತಾರೆ ಕಣೋ, ನಾನು ಕೈ ಬೀಸಿದ್ದು ಕಾಣ್ಲಿಲ್ವಾ ಅಂತ. ಏನಂತೀಯ?”

“ಕಾಣ್ಲಿಲ್ಲ ಅಕ್ಕ.”

“ಹಾಗಾದ್ರೆ ಕಣ್ಮುಚ್ಕೊಂಡು ಓಡಿಸ್ತಿದ್ಯಾ?”

“ಪರದೇನೇ ನೋಡ್ತಿದ್ದೆ. ದಾರಿ ಖಾಲಿ ಇತ್ತು.”

“ಅವರು ದಾರೀಲೇ ನಿಂತಿದ್ರಲ್ಲೋ!”

“ನಾನು ನೋಡಿದ್ದು ಅದಕ್ಕೂ ಮುಂಚಿನ ದಾರಿ. ಚಿತ್ರ ಬರೋ ಸಿಗ್ನಲ್ ನಿಂತುಹೋಗಿ, ಹಳೇ ಚಿತ್ರಾನೇ ಪರದೇಲಿ ಉಳಿದಿತ್ತು. ಗಾಡಿಗೆ ಹೋಗೋ ಸಿಗ್ನಲ್ ಮಾತ್ರ ಸರಿಯಾಗೇ ಇತ್ತು, ಹಸಿರು ದೀಪ ಉರೀತಿತ್ತು. ನಾನು ಹೋಗು ಅಂದೆ, ಅದು ಹೋಯ್ತು.”

“ನನ್ನ ತಲೆ ಕೆಡಿಸ್ಬೇಡ. ಕಂಡಿತ್ತೋ ಇಲ್ವೋ, ಒಂದು ಹೇಳು.”

“ಆ ಚಿತ್ರದಲ್ಲಿ ಗೋಡೆ ಮೇಲೆ ಒಂದು ಕಾಗೆ ಕಂಡಿತ್ತು. ಅಷ್ಟು ಹೊತ್ತಾದ್ರೂ ಕತ್ತು ಕೊಂಕಿಸ್ಲಿಲ್ಲ. ಆಗ್ಲೇ ನಂಗೆ ಗೊತ್ತಾಗ್ಬೇಕಿತ್ತು.”

“ಕಾಲು ಮುರಿದವರ ಮುಂದೆ ಕಾಗೆ ಕಥೆ ಹೇಳ್ತೀಯೇನೋ?”

“ನಂಗೆ ಬೇರೇನೂ ಗೊತ್ತಿಲ್ವಲ್ಲ ಅಕ್ಕ.”

ನರ್ಸ್ ಬಾಗಿಲಿಂದ ಕೂಗಿದಳು. ಅಕ್ಕ ಹಣ್ಣಿನ ಚೀಲ ಎತ್ತಿಕೊಂಡಳು.

“ಸರಿ, ಕಾಗೆ ಕಥೇನೇ ಹೇಳು. ಆದ್ರೆ ಗೊತ್ತಾಗ್ಬೇಕಿತ್ತು ಅಂದ್ಯಲ್ಲ, ಅದನ್ನ ಮೊದ್ಲು ಹೇಳು.”

ತಮ್ಮ ಎದ್ದ. ಗೋಡೆಯ ಟಿವಿಯಲ್ಲಿ ಸುದ್ದಿ ಓದುವ ಹೆಂಗಸು ಯಾಕೋ ಮಾತು ನಿಲ್ಲಿಸಿ ನೇರ ನೋಡುತ್ತಿದ್ದಳು. ಅವನು ಅವಳೆದುರು ನಿಂತುಬಿಟ್ಟ. ಅವಳು ಕಣ್ಣು ಮಿಟುಕಿಸಿದ ಮೇಲೆಯೇ ಅಕ್ಕನ ಹಿಂದೆ ವಾರ್ಡಿನೊಳಗೆ ಹೋದ.